ಬಾಗಿಲಲ್ಲಿ ಹಸಿರು ಬೇವಿತ್ತು

ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿದ ಹೆಂಗಸೊಬ್ಬಳು ಊರಲ್ಲಿರುವಾಗ ಮಕ್ಕಳಿಗೆ ಅಂಟುರೋಗ ಬರಲು ಸಾಧ್ಯವೇ? ಸಾಧ್ಯವಿಲ್ಲ ಎಂದು ಅಜ್ಜಂಪುರದಲ್ಲಿ ಗಟ್ಟಿಯಾಗಿ ನಂಬಿದ್ದವಳು ಒಬ್ಬಳೇ. ಅದು ನಾನು.

ನಮ್ಮ ಬೀದಿಯ ಸಮುದಾಯ ಭವನದಲ್ಲಿ ಬೇಸಿಗೆ ಶಿಬಿರ ಶುರುವಾದಾಗ ಆರೋಗ್ಯದ ಉಸ್ತುವಾರಿಯನ್ನು ನನಗೆ ವಹಿಸಿದರು. ವಹಿಸಿದರು ಎನ್ನುವುದಕ್ಕಿಂತ ನಾನೇ ಕಿತ್ತುಕೊಂಡೆ. ಮೊದಲ ದಿನವೇ ಸುಗ್ರೀವಾಜ್ಞೆ ಹೊರಡಿಸಿದೆ. ಐಸ್ ಕ್ಯಾಂಡಿ ನಿಷೇಧ. ಹೆಚ್ಚಿಟ್ಟ ಕಲ್ಲಂಗಡಿ ನಿಷೇಧ. ಹೆಬ್ಬೆ ಜಲಪಾತದ ಪ್ರವಾಸ ರದ್ದು. ಅಲ್ಲಿನ ನೀರನ್ನು ಯಾರೂ ಕುದಿಸಿರುವುದಿಲ್ಲ! ಬಾಗಿಲಲ್ಲಿ ಸೋಪು ಹಿಡಿದು ನಿಂತು, ಬಂದವರನ್ನೆಲ್ಲ "ಕೈ ತೊಳ್ಕೊಂಡ್ರಾ?" ಎಂದು ಕೇಳುತ್ತಿದ್ದೆ. ಮಕ್ಕಳು ನನಗೆ 'ಸೋಪಮ್ಮ' ಎಂದು ಹೆಸರಿಟ್ಟರು. ಬಿರುದು ಎಂದುಕೊಂಡೆ.

"ಲೇ, ಅವು ಶಿಬಿರಕ್ಕೆ ಬಂದಾವೋ, ಆಪರೇಷನ್ ಥಿಯೇಟರಿಗೆ ಬಂದಾವೋ?" ಎಂದರು ನನ್ನ ಗಂಡ. ಅವರು ಬಿ.ಕಾಂ. ಉತ್ತರ ಕೊಡುವ ಅಗತ್ಯ ಕಾಣಲಿಲ್ಲ.

ಈ ಕಟ್ಟುನಿಟ್ಟು ಕಂಡೇ ಹಿಂದಿನ ಬೀದಿಯ ಸವಿತಾ ತಮ್ಮ ಮಗಳು ಚಿನ್ಮಯಿಯನ್ನು ಸೇರಿಸಿದ್ದು. ಆ ಪುಟ್ಟ ಹುಡುಗಿಗೆ ಕಿಡ್ನಿ ತೊಂದರೆ. ಅದಕ್ಕೆ ನುಂಗುತ್ತಿದ್ದ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿದ್ದವು. ಬೇರೆ ಮಕ್ಕಳನ್ನು ನಾಲ್ಕು ದಿನ ಮಲಗಿಸುವ ಕಾಯಿಲೆ ಅವಳ ಜೀವಕ್ಕೇ ಕುತ್ತಾಗಬಹುದಿತ್ತು.

"ಎಲ್ಲಿಗೂ ಕಳ್ಸಲ್ಲ ಕಣ್ರೀ ಇವಳನ್ನ. ನೀವಿದೀರಲ್ಲಾ ಅಂತ ಧೈರ್ಯ."

"ನಾನಿರೋವಾಗ ಒಂದು ಸೀನೂ ಬರಲ್ಲ ಬಿಡಿ," ಎಂದೆ.

ಒಂದು ಮಧ್ಯಾಹ್ನ ಎದುರು ಮನೆಯ ಗಿರಿಜಮ್ಮ ಬಂದರು. "ಮಕ್ಳಿಗೆ ಮೊಸರನ್ನ ಹಾಕ್ಬೇಕು ಅಂತಿದೀವಿ ಕಣವ್ವಾ, ಎಲ್ಲಾರ್ನೂ ಕರ್ಕೊಂಡ್ ಬಾ."

ಮನೆಯ ಅಡುಗೆ. ಜೊತೆಗೆ, ಮೊಸರಿನಲ್ಲಿರುವುದು ಒಳ್ಳೆಯ ಬ್ಯಾಕ್ಟೀರಿಯಾ! ಎಲ್ಲರಿಗೂ ಎರಡೆರಡು ಸಲ ಕೈ ತೊಳೆಸಿ, ಸಾಲಾಗಿ ನಡೆಸಿಕೊಂಡು ಹೋದೆ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಯುಗಾದಿಯದ್ದು ಇನ್ನೂ ತೆಗೆದಿಲ್ಲ, ಪಾಪ, ಎಂದುಕೊಂಡೆ. ಒಳಗೆ ಅವರ ಮೊಮ್ಮಗ ಮನು ಮೈಗೆ ಅರಿಸಿನ ಬಳಿದುಕೊಂಡು ಚಾಪೆಯ ಮೇಲೆ ಕೂತಿದ್ದ. ಕತ್ತಿನಲ್ಲಿ ಗುಳ್ಳೆಗಳು.

"ಬೆವರುಸಾಲೆ ಗಿರಿಜಮ್ಮಾ, ತೆಳು ಬಟ್ಟೆ ಹಾಕಿ," ಎಂದೆ.

ಗಿರಿಜಮ್ಮ ಗಾಬರಿಯಿಂದ ಕೆನ್ನೆ ಕೆನ್ನೆ ಬಡಿದುಕೊಂಡರು. ನನ್ನ ಜ್ಞಾನಕ್ಕೆ ಬೆರಗಾದರೆಂದು ತಿಳಿದೆ!

ಚಿನ್ಮಯಿ ಮನುವಿನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಂಡಳು. ಅಲ್ಲಿ ಕೂರಿಸಿದವಳು ನಾನೇ. ಫ್ಯಾನಿನ ಗಾಳಿ ಆ ಜಾಗಕ್ಕೆ ಚೆನ್ನಾಗಿ ಬರುತ್ತಿತ್ತು.

ಸಂಜೆ ಈ ಸಾಧನೆಯನ್ನು ಅತ್ತೆಯ ಮುಂದೆ ಬಣ್ಣಿಸಿದೆ.

"ಮೊಸರನ್ನ ಯಾಕಂತೆ ಹಾಕಿದ್ದು?"

"ಪ್ರೀತಿಗೆ."

"ಬಾಗ್ಲಲ್ಲಿ ಬೇವಿತ್ತೇನೇ?"

"ಯುಗಾದೀದು ಅತ್ತೆ."

"ಯುಗಾದಿ ಯಾವತ್ತೋ ಹೋಯ್ತು. ಒಣಗಿತ್ತೋ, ಹಸಿರಾಗಿತ್ತೋ?"

ಹಸಿರಾಗಿತ್ತು.

"ಅಯ್ಯೋ, ಆ ಮನೇಗೆ ಅಮ್ಮ ಬಂದವ್ಳೆ ಕಣೇ! ಇಳಿದ ಮೇಲೆ ಮಕ್ಳಿಗೆ ಮೊಸರನ್ನ ಹಾಕಿ ತಂಪು ಮಾಡ್ತಾರೆ. ಅದನ್ನ ಕಾಯಿಲೆ ಅಂತ ಬಾಯಲ್ಲಿ ಅನ್ನಬಾರದು. ನೀನು ಬೆವರುಸಾಲೆ ಅಂದ್ಯಾ?"

ಅಮ್ಮ ಎಂದರೆ ಚಿಕನ್‌ಪಾಕ್ಸ್. ಪರೀಕ್ಷೆಯಲ್ಲಿ ಅದರ ಮೇಲೆ ಪುಟಗಟ್ಟಲೆ ಬರೆದಿದ್ದೆ. ಗಿರಿಜಮ್ಮನ ಪಾಲಿಗೆ ಅಮ್ಮ ಹೊರಟುಹೋಗಿದ್ದಳು. ವೈರಸ್ಸಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

ಸವಿತಾರ ಮನೆಗೆ ಓಡಿದೆ. ಅವರು ಬೈಯಲಿಲ್ಲ. "ನೀವಿದ್ರಲ್ಲಾ?" ಎಂದರು, ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ತರೀಕೆರೆಯ ಡಾಕ್ಟರರ ಮುಂದೆ, "ಕೈ ಮಾತ್ರ ಎರಡೆರಡು ಸಲ ತೊಳೆಸಿದ್ದೆ," ಎಂದೆ.

"ಇದು ಗಾಳೀಲೂ ಬರುತ್ತಮ್ಮ. ನೀವೇನು ಓದಿರೋದು?"

"ಬಿ.ಎ.," ಎಂದೆ.

ಮಗುವನ್ನು ಶಿವಮೊಗ್ಗಕ್ಕೆ ಕಳಿಸಿ ಇಂಜೆಕ್ಷನ್ ಕೊಡಿಸಿದರು. ಬರಲೂಬಹುದು, ಬರದೆಯೂ ಇರಬಹುದು, ಕೆಲವು ವಾರ ಕಾಯಬೇಕು ಎಂದರು. ಶಿಬಿರ ಮುಚ್ಚಿತು. ನಾನು ದಿನವೂ ಸವಿತಾರ ಮನೆಯೆದುರಿನ ರಸ್ತೆಯಲ್ಲಿ ನಿಂತು ಕಿಟಕಿಯತ್ತ ನೋಡುತ್ತಿದ್ದೆ. ಒಂದು ಬೆಳಗ್ಗೆ ಚಿನ್ಮಯಿಯ ಕೆನ್ನೆಯ ಮೇಲೆ ಕೆಂಪು ಚುಕ್ಕೆ ಕಂಡು ರಸ್ತೆಯಿಂದಲೇ ಕೂಗಿ ಕೇಳಿದೆ. ಸೊಳ್ಳೆ ಕಚ್ಚಿದ್ದಂತೆ. ಸವಿತಾ ಮಾತ್ರ ಒಂದು ದಿನವೂ ಗೇಟು ತೆಗೆಯಲಿಲ್ಲ. ಆ ವಿವೇಕಕ್ಕೆ ಈಗಲೂ ಕೈ ಮುಗಿಯುತ್ತೇನೆ. ಏಕೆಂದರೆ ಮುಂದಿನ ವಾರ ಗುಳ್ಳೆ ಎದ್ದದ್ದು ನನಗೆ!

"ಚಿಕ್ಕವಳಿದ್ದಾಗ ನಂಗೆ ಬಂದಿತ್ತಲ್ಲಮ್ಮಾ?" ಎಂದು ತವರಿಗೆ ಫೋನ್ ಮಾಡಿದೆ.

"ನಿಂಗಲ್ಲ ಕಣೇ, ನಿನ್ ತಂಗಿಗೆ," ಎಂದಳು ಅಮ್ಮ.

ಅತ್ತೆ ನಮ್ಮ ಬಾಗಿಲಿಗೆ ಹಸಿರು ಬೇವು ಸಿಕ್ಕಿಸಿದರು. ಶಿಬಿರದ ಮೂರ್ನಾಲ್ಕು ಮಕ್ಕಳೂ ಮಲಗಿ ಎದ್ದರು. ನನ್ನ ಗುಳ್ಳೆ ಒಣಗಿ ಉದುರುವ ಹೊತ್ತಿಗೆ ಡಾಕ್ಟರರು ಹೇಳಿದ ವಾರಗಳೂ ಮುಗಿದವು. ಚಿನ್ಮಯಿಗೆ ಏನೂ ಆಗಲಿಲ್ಲ. ಅದು ಆ ಇಂಜೆಕ್ಷನ್ನಿನ ಪುಣ್ಯ. ನನ್ನ ಪಾಲು ಅದರಲ್ಲಿ ಲವಲೇಶವೂ ಇಲ್ಲ. ಫ್ಯಾನ್ ತಿರುಗುವ ಸದ್ದು ಕೇಳಿದರೆ ಈಗಲೂ ತಾಗಿಕೊಂಡ ಆ ಎರಡು ಮೊಣಕಾಲುಗಳು ಕಣ್ಣಿಗೆ ಕಟ್ಟುತ್ತವೆ.

ಪದ್ಧತಿಯಂತೆ ಅತ್ತೆ ಮೊಸರನ್ನ ಕಲಸಿ ಬೀದಿಯ ಮಕ್ಕಳನ್ನೆಲ್ಲ ಕರೆದರು. ಒಂದು ಮಗುವೂ ಬರಲಿಲ್ಲ. ಊರಿಗೆ ಆರೋಗ್ಯದ ಅರಿವು ಮೂಡಿಸಿದ್ದೆನಲ್ಲ!

ರಸ್ತೆಯ ಆಚೆ ಬದಿಯಲ್ಲಿ ಮಾತ್ರ ಚಿನ್ಮಯಿ ಅಮ್ಮನ ಕೈ ಹಿಡಿದು ನಿಂತಿದ್ದಳು. ನಮ್ಮ ಬಾಗಿಲ ಬೇವನ್ನೊಮ್ಮೆ ನೋಡಿ, ಅಲ್ಲಿಂದಲೇ ಕೂಗಿದಳು:

"ಸೋಪಮ್ಮಾ, ಕೈ ತೊಳ್ಕೊಂಡ್ರಾ?"

ತೊಳೆದುಕೊಂಡಿದ್ದೆ. ಎರಡು ಸಲ.