ಗುರುವಿನ ವೇಗ ಕದ್ದ ವಾಯೇಜರ್ ಅವರಿಗೆ

ಮಾನ್ಯ ಗಗನನೌಕೆ ವಾಯೇಜರ್-೨ ಅವರೇ,

ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ವರ ಮನೆ ಬಾಗಿಲನ್ನೂ ನೋಡಿ, ಈಗ ಸೂರ್ಯನ ಗಾಳಿಯೂ ತಲುಪದ ಕಡೆಗೆ ಪಯಣ ಬೆಳೆಸಿರುವ ತಮಗೆ, ಬಸವಕಲ್ಯಾಣ ತಾಲೂಕಿನ ರಾಜೇಶ್ವರದಲ್ಲಿ ಕುಪ್ಪಸ ಹೊಲಿಯುವ ಅನುರಾಧಾ ಮಾಡುವ ಶರಣು ಶರಣಾರ್ಥಿ. ತಾವು ಅಲ್ಲಿ ಕ್ಷೇಮ. ನಾನು ಇಲ್ಲಿ, ತಮ್ಮ ದಯದಿಂದ, ಇನ್ನೂ ಕನ್ಯೆ.

ಹುಮನಾಬಾದಿನಲ್ಲಿ ಸೋಲಾರ್ ಅಂಗಡಿ ಇಟ್ಟಿರುವ ಬಸವಕುಮಾರ ಅವರು ಕಳೆದ ವರ್ಷ ನನ್ನನ್ನು ನೋಡಲು ಬಂದಾಗ, ಬೇರೆ ಗಂಡುಗಳಂತೆ ಅಡುಗೆ ಬರುತ್ತದೆಯೇ ಎಂದು ಕೇಳದೆ, ತಟ್ಟೆಯಲ್ಲಿದ್ದ ಬೇಸನ್ ಉಂಡಿಯನ್ನು ಗುರುಗ್ರಹ ಮಾಡಿ, ಅವಲಕ್ಕಿ ಚೂಡಾದೊಳಗಿನ ಶೇಂಗಾ ಕಾಳೊಂದನ್ನು ವಾಯೇಜರ್ ಎಂದು ಹಿಡಿದು, ತಾವು ಗುರುವಿನ ಪಕ್ಕದಲ್ಲೇ ಹಾದು, ಅವನ ವೇಗದಲ್ಲಿ ಚೂರು ಕಿತ್ತುಕೊಂಡು, ಶನಿಯತ್ತ ಚಿಮ್ಮಿದ ಬಗೆಯನ್ನು ತೋರಿಸಿದರು. ಶೇಂಗಾ ಬಂದು ನನ್ನ ಮಡಿಲಿಗೆ ಬಿತ್ತು. ಅವರು ನನಗೆ ಆಗಲೇ ಹಿಡಿಸಿಬಿಟ್ಟರು, ಮುಚ್ಚಿಡುವುದೇನು?

ಪಕ್ಕದಲ್ಲಿ ಕುಳಿತಿದ್ದ ಅವರ ತಾಯಿ ಸುಂದರಬಾಯಿಯವರು ಮಾತ್ರ ಶೇಂಗಾವನ್ನು ಬಿಟ್ಟು ಉಂಡಿಯನ್ನೇ ನೋಡುತ್ತಿದ್ದರು. “ಹಂಗಾದ್ರ ಗುರು ಮೊದಲಿನಂಗ ಓಡಂಗಿಲ್ಲ ಅಂದಂಗಾತು. ಹುಡುಗಿಗಿ ಗುರುಬಲ ಪೂರಾ ಬರೋತನಕ ತಾರೀಖ ಹಿಡಿಯೂದು ಬ್ಯಾಡ್ರಿ” ಎಂದು ಎದ್ದೇಬಿಟ್ಟರು. ಗುರು ಹಿಂದೆ ಬಿದ್ದದ್ದು ಲಕ್ಷ ಕೋಟಿ ವರ್ಷಕ್ಕೆ ಒಂದು ಅಡಿಯಷ್ಟು ಎಂದು ಮಗ ಎಷ್ಟು ಬಿಡಿಸಿ ಹೇಳಿದರೂ, ತಾಯಿಯ ಕಿವಿಗೆ ಬಿದ್ದದ್ದು ಲಕ್ಷ ಕೋಟಿ ಮಾತ್ರ.

ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ದೀಪಾವಳಿಗೆ ನನ್ನ ವೃಶ್ಚಿಕ ರಾಶಿಗೆ ಅನುಕೂಲವಾದ ಮನೆಗೆ ಕಾಲಿಟ್ಟ ಗುರು, ಎಳ್ಳಮಾವಾಸ್ಯೆಯ ಸೊಪ್ಪು-ಕಾಳಿನ ಭಜ್ಜಿ ಬೇಯುವುದರೊಳಗೆ ವಕ್ರಿಯಾಗಿ ಹಿಂದಿನ ಮನೆಗೆ ಮರಳಿದ. ಅವನು ಮತ್ತೆ ಬರುವ ಹೊತ್ತಿಗೆ ಅಧಿಕ ಮಾಸ. ಅದು ಕಳೆದರೆ ಜ್ಯೇಷ್ಠ, ಹಿರಿಯ ಮಗನಾದ ಬಸವಕುಮಾರ ಅವರಿಗೆ ಆಗದು. ಆಮೇಲೆ ಆಷಾಢ, ಯಾರಿಗೂ ಆಗದು. ದೀಪಾವಳಿಯ ಹೊತ್ತಿಗೆ ನನ್ನಲ್ಲಿ ಮದುವೆಯ ಕುಪ್ಪಸ ಹೊಲಿಸಿಕೊಂಡವರು ಈಗ ಅದನ್ನು ಸಡಿಲ ಮಾಡಿಸಲು ಬರುತ್ತಿದ್ದಾರೆ. ನನ್ನದು ಇನ್ನೂ ಗೂಟದಲ್ಲಿ ತೂಗುತ್ತಿದೆ. ಶರಣರ ನೆಲದವರಿಗೆ ಯಾವ ಹೊತ್ತಾದರೂ ಒಳ್ಳೆಯದೇ ಎಂದು ಮನೆಯಲ್ಲಿ ಗುಡುಗುವ ನನ್ನ ಅಪ್ಪ ಮಹಾರುದ್ರಪ್ಪನವರು, ಬೀಗರೆದುರು ಕುಳಿತಾಗ ಚಹಾ ಆರಿಸಿಕೊಂಡು ಕುಡಿಯುತ್ತಾರೆ, ಅಷ್ಟೆ.

ಆದ್ದರಿಂದ ತಾವು ದಯಮಾಡಿ ಒಂದು ಸಲ ಹಿಂದಿರುಗಿ, ಒಯ್ದ ವೇಗವನ್ನು ಒಯ್ದಲ್ಲೇ ಇಟ್ಟು, ಗುರುವನ್ನು ಬೆನ್ನ ಹಿಂದಿನಿಂದ ಒಂದಿಷ್ಟು ನೂಕಿ ಕೊಡಬೇಕು. ಅದಾಗದಿದ್ದರೆ ಸುಂದರಬಾಯಿಯವರಿಗೊಂದು ಫೋನು ಮಾಡಿ, ಗುರು ಗಟ್ಟಿಮುಟ್ಟಾಗಿದ್ದಾನೆ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದಾದರೂ ಹೇಳಬೇಕು. ಶಕ್ತಿ ಇಳಿಯುತ್ತ ಬಂದು ಒಂದೊಂದೇ ಉಪಕರಣ ಆರಿಸಬೇಕಾಗಿ ಬಂದಿದ್ದರೂ, ತಾವು ಅಷ್ಟು ದೂರದಿಂದ ಎರಡು ದಿನದೊಳಗೆ ಉತ್ತರ ಕೊಡುತ್ತೀರಂತೆ. ನನ್ನ ಮೆಸೇಜಿಗೆ ಹುಮನಾಬಾದಿನಿಂದ ವಾರ ಕಳೆದ ಮೇಲೆ ಬಂದ ಉತ್ತರ ಇಷ್ಟೇ: “ಅವ್ವಗ ಹ್ಯಾಂಗ ಹೇಳಲಿ? ವಿಚಾರ ಮಾಡಾಕತ್ತೇನಿ.” ತಾವು ನಾಲ್ಕು ಗ್ರಹ ದಾಟಿದ ಕಥೆಯನ್ನು ಬಾಯಿಪಾಠ ಮಾಡಿದವರಿಗೆ ಮನೆಯ ಹೊಸ್ತಿಲೊಂದನ್ನು ದಾಟಲಾಗುತ್ತಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತಿದೆ, ಅಳುವೂ ಬರುತ್ತಿದೆ.

ಕಾದು ಕಾದು ಸಾಕಾದರೂ ತಮ್ಮ ವಿಶ್ವಾಸಿಯೇ ಆದ,
ಅನುರಾಧಾ
ರಾಜೇಶ್ವರ

ತಾ.ಕ.: ಬಸವ ಜಯಂತಿಯ ದಿನ ಯಾರೂ ಪಂಚಾಂಗ ತೆರೆಯುವುದಿಲ್ಲವಾದ್ದರಿಂದ, ಅಂದು ಬೆಳಿಗ್ಗೆ ಬಸವಕಲ್ಯಾಣದ ಗುಡಿಯಲ್ಲಿ ನನ್ನ ಮದುವೆ ಎಂದು ಅಪ್ಪನ ಬಾಯಿಂದಲೇ ಬೀಗರಿಗೆ ಹೇಳಿಸಿದ್ದೇನೆ, ಕುಪ್ಪಸಕ್ಕೆ ಇಸ್ತ್ರಿಯೂ ಆಗಿದೆ. ತಾವು ಹಿಂದಿರುಗುವ ತೊಂದರೆ ತೆಗೆದುಕೊಳ್ಳಬೇಡಿ, ಗುರುವೂ ಇದ್ದಲ್ಲೇ ಇರಲಿ. ಗುರುಬಲವಿಲ್ಲದೆ ಮದುವೆ ನಡೆಯುತ್ತದೆ, ವರನಿಲ್ಲದೆ ನಡೆಯುವುದಿಲ್ಲ. ಅದಕ್ಕೇ ಈ ಪತ್ರದ ಒಂದು ಪ್ರತಿಯನ್ನು ಹುಮನಾಬಾದಿನ ಸೋಲಾರ್ ಅಂಗಡಿಯ ಶಟರಿಗೆ ಅಂಟಿಸಿ ಬಂದಿದ್ದೇನೆ.