ಭಾವನವರ ಮೂರು ದಿನದ ಪಾಸು

ನಮ್ಮ ಭಾವನವರು ಆನೆಗೆ ಹೆದರುವವರಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಂಡಕ್ಟರಾಗಿದ್ದವರು. ಒಮ್ಮೆ ಘಾಟಿಯ ತಿರುವಿನಲ್ಲಿ ಒಂಟಿ ಸಲಗ ಅಡ್ಡ ನಿಂತುಬಿಟ್ಟಿತಂತೆ. ಡ್ರೈವರು ಸ್ಟೇರಿಂಗ್ ಬಿಟ್ಟು ಕೈಮುಗಿಯುತ್ತಿದ್ದಾಗ ಭಾವನವರು ಹಿಂದಿನ ಸೀಟಿನಲ್ಲಿ ಕೂತು ಟಿಕೆಟ್ಟುಗಳ ಲೆಕ್ಕದ ವೇಬಿಲ್ ಬರೆಯುತ್ತಿದ್ದರಂತೆ. ಭಯವಾಗಲಿಲ್ಲವೇ ಎಂದು ಕೇಳಿದರೆ, "ಆನೆ ಬಂದು ವೇಬಿಲ್ ಕೇಳ್ತದಾ?" ಎನ್ನುತ್ತಾರೆ.

ವೇಬಿಲ್ ಕೇಳುವವರೇ ಬೇರೆ. ಅವರೇ ಚೆಕಿಂಗ್‌ನವರು. ಅಜ್ಜೀಪುರದ ತಿರುವಿನಲ್ಲಿ ಒಂದು ಬಿಳಿ ಜೀಪು ನಿಂತಿದೆಯೆಂದರೆ ಭಾವನವರ ಬಾಯಿ ಒಣಗುತ್ತಿತ್ತು. ಅಷ್ಟೂ ವರ್ಷಗಳಲ್ಲಿ ಅವರ ಮೇಲೆ ಒಂದೇ ಒಂದು ಆಕ್ಷೇಪಣೆ ಬರಲಿಲ್ಲ. ಆದರೂ ಆ ಜೀಪು ಅವರ ಎದೆಯೊಳಗೆ ಶೆಡ್ಡು ಕಟ್ಟಿಕೊಂಡು ನಿಂತುಬಿಟ್ಟಿತು. ನಿವೃತ್ತರಾದ ಮೇಲಾದರೂ ಹೊರಟಿತೇ? ಎಲ್ಲಿಯ ಮಾತು!

ಈಗಲೂ ಬಸ್ಸಿನಿಂದ ಇಳಿದ ಮೇಲೆ ಟಿಕೆಟ್ ಎಸೆಯುವುದಿಲ್ಲ. ಬೆರಳ ಸಂದಿಯಲ್ಲಿ ಹಿಡಿದುಕೊಂಡೇ ಮನೆತನಕ ಬಂದು, ನಮ್ಮಕ್ಕ ನೋಡಿದ ಮೇಲೆ ಎಸೆಯುತ್ತಾರೆ. ಒಂದು ಸಲ ಮದುವೆಗೆಂದು ಯಳಂದೂರಿಗೆ ಹೋಗುವಾಗ ಮಾಂಬಳ್ಳಿಯ ಹತ್ತಿರ ಟಿಕೆಟ್ ಕಿಟಕಿಯಿಂದ ಹಾರಿಹೋಯಿತು. ಭಾವನವರು ಎದ್ದು ಹೋಗಿ ಇನ್ನೊಂದು ಟಿಕೆಟ್ ಕೊಡು ಎಂದರು. ಆ ಕಂಡಕ್ಟರು ಇವರ ಕೈಕೆಳಗೆ ಕೆಲಸ ಕಲಿತವನು. ನಾನು ಆಗಲೇ ಕೊಟ್ಟಿದ್ದೀನಲ್ಲ ಸಾ, ನಾನೇ ಸಾಕ್ಷಿ ಎಂದು ಬೇಡಿಕೊಂಡ. ಇವರು ಬಿಡಲಿಲ್ಲ. ಎರಡನೆಯ ಟಿಕೆಟ್ ಹರಿಸಿಕೊಂಡು ಬಂದು ಕೂತಾಗ ಯಳಂದೂರು ಬಂದೇಬಿಟ್ಟಿತ್ತು.

ಇಂಥವರನ್ನು ನಾನು ಮುಂಬಯಿಗೆ ಕರೆದುಕೊಂಡು ಹೋದೆ. ತಪ್ಪು ನನ್ನದೇ. ನಾನು ಕೆಲಸ ಮಾಡುವ ಸಣ್ಣ ಬ್ಯಾಂಕಿನಿಂದ ಅಲ್ಲೊಂದು ತರಬೇತಿಗೆ ಕಳಿಸಿದರು. ಅದನ್ನು ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ ಬಾಯಿಬಿಟ್ಟೆ. ಸಮುದ್ರವನ್ನೇ ಕಾಣದ ಅಕ್ಕ ಆ ಕ್ಷಣಕ್ಕೇ ಹೊರಟುನಿಂತಳು. ಅಕ್ಕ ಹೊರಟ ಮೇಲೆ ಭಾವನವರು ಹೊರಡದೆ ಇರುತ್ತಾರೆಯೇ? ತರಬೇತಿ ಮುಗಿದ ಮೇಲೆ ಮೂರು ದಿನ ಊರು ನೋಡುವುದೆಂದು ತೀರ್ಮಾನವಾಯಿತು.

ಅಲ್ಲಿ ಲೋಕಲ್ ರೈಲಿನಲ್ಲಿ ಪ್ರವಾಸಿಗಳಿಗೆಂದೇ ಪಾಸು ಕೊಡುತ್ತಾರೆ. ಒಂದು ದಿನದ್ದು, ಮೂರು ದಿನದ್ದು, ಐದು ದಿನದ್ದು. ಅದರಲ್ಲೂ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು. ಬೇಡವೆಂದರೆ ಸಲಸಲಕ್ಕೂ ಟಿಕೆಟ್ ತೆಗೆಯಬಹುದು. ಬಸ್ಸಿಗೆ ಬೇರೆ ಪಾಸಿದೆ. ನನಗೇನೋ ಇದು ಎರಡು ನಿಮಿಷದ ಕೆಲಸವೆನ್ನಿಸಿತ್ತು. ಭಾವನವರಿಗೆ ಇಷ್ಟೂ ದಾರಿಗಳು ಇಷ್ಟು ಅಪಾಯಗಳಾಗಿ ಕಂಡವು.

ಸಲಸಲಕ್ಕೂ ಟಿಕೆಟ್ ತೆಗೆದರೆ ಸಲಸಲಕ್ಕೂ ಕಳೆಯುವ ಭಯ. ಫೋನಿನಲ್ಲಿ ತೆಗೆದರೆ, ಚೆಕಿಂಗ್‌ನವರು ಬಂದ ಹೊತ್ತಿಗೇ ಚಾರ್ಜು ಹೋಗುವ ಭಯ. ಒಂದು ದಿನದ ಪಾಸಾದರೆ ಆ ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಎರಡು ಸ್ಟೇಷನ್ನಿನ ನಡುವೆ ರೈಲು ಓಡುತ್ತಿರುವಾಗಲೇ ಮುಗಿದರೆ ಇಳಿಯುವುದಾದರೂ ಎಲ್ಲಿ? ಐದು ದಿನದ್ದು ತೆಗೆದರೆ, ನಾವು ಮೂರು ದಿನಕ್ಕೆ ಊರಿಗೆ ಹೊರಟ ಮೇಲೆ ಉಳಿದ ಎರಡು ದಿನ ಯಾರಾದರೂ ಕಳ್ಳ ಆ ಪಾಸು ಹಿಡಿದು ಓಡಾಡಿ, ನಮ್ಮ ಹೆಸರಿನಲ್ಲಿ ಸಿಕ್ಕಿಬಿದ್ದರೆ? ನಮ್ಮ ಹಿಂದೆ ಸಾಲು ಬೆಳೆದು ಮೆಟ್ಟಿಲಿನವರೆಗೆ ಹೋಗಿತ್ತು. ನಾನು ಬಾರದ ಹಿಂದಿಯಲ್ಲಿ ಈ ಪ್ರಶ್ನೆಗಳನ್ನೆಲ್ಲ ಕೌಂಟರಿನ ಹೆಣ್ಣುಮಗಳಿಗೆ ದಾಟಿಸುತ್ತ ಬೆವರುತ್ತಿದ್ದೆ. ಪಾಪ, ಆಕೆ ಒಂದಕ್ಕೂ ಸಿಡುಕಲಿಲ್ಲ. ಚೆಕಿಂಗ್‌ನವರು ಬಂದರೆ ಏನು ತೋರಿಸಬೇಕು ಎಂದು ಭಾವನವರು ಕೇಳಿಸಿದರು. ಪಾಸು ತೋರಿಸಿ ಎಂದಳು. ಅವರು ನಂಬದೆ ಹೋದರೆ ಎಂದು ಕೇಳಿಸಿದರು. ಆಕೆ ನಮ್ಮ ಹೆಸರು, ವಯಸ್ಸು ಕೇಳಿಕೊಂಡು, ಮೂರು ದಿನದ ಸೆಕೆಂಡ್ ಕ್ಲಾಸಿನ ಮೂರು ಪಾಸುಗಳನ್ನು ತಾನೇ ಮುದ್ರಿಸಿ ಹೊರಕ್ಕೆ ತಳ್ಳಿದಳು.

ಮೂರನ್ನೂ ಭಾವನವರು ಪ್ಲಾಸ್ಟಿಕ್ ಕವರಿಗೆ ಹಾಕಿ, ಬನಿಯನ್ನಿನ ಒಳಜೇಬಿಗೆ ಇಳಿಸಿ, ಪಿನ್ನು ಹಾಕಿಕೊಂಡರು. ನಮ್ಮ ನಮ್ಮ ಪಾಸು ನಮ್ಮ ನಮ್ಮ ಹತ್ತಿರ ಇರಲಿ ಎಂದೆ. "ಮೂರು ಕಡೆ ಇದ್ರೆ ಮೂರು ಕಡೆ ಎದರ್ಕಬೇಕು ಕಣ್ಲಾ. ಒಂದೇ ಕಡೆ ಇರ್ಲಿ" ಎಂದರು. ಅದೇ ನ್ಯಾಯದಲ್ಲಿ, ಕಳ್ಳರು ಕಿತ್ತುಕೊಂಡಾರೆಂದು ಅಕ್ಕನ ಫೋನೂ ಅವಳ ಪುಟ್ಟ ಪರ್ಸೂ ಅವರ ಕೈಚೀಲ ಸೇರಿದವು.

ಮೊದಲ ದಿನ ಬೆಳಿಗ್ಗೆ ನಾವು ಊರು ನೋಡಲಿಲ್ಲ, ಪ್ಲಾಟ್‌ಫಾರ್ಮು ನೋಡಿದೆವು. ರೈಲು ಬರುವುದು, ಬಾಗಿಲಿನಲ್ಲಿ ಜನ ಜೇನಿನ ಹಾಗೆ ಜೋತಿರುವುದು, ಭಾವನವರು ಹಿಂದಕ್ಕೆ ಸರಿದು ಕೈ ಅಡ್ಡ ಹಿಡಿಯುವುದು. ಹಿಂದೆಯೇ ಇನ್ನೊಂದು ಖಾಲಿ ಬರುತ್ತದೆ ಎಂದು ಹಳೆಯ ಅಭ್ಯಾಸದಲ್ಲಿ ಸಮಾಧಾನ ಹೇಳುತ್ತಿದ್ದರು. ಹೀಗೆ ಹನ್ನೊಂದು ರೈಲು ಹೋದವು. ಹನ್ನೆರಡನೆಯದಕ್ಕೆ ಹೇಗೋ ಹತ್ತಿದೆವು. ಒಳಗೆ ಭಾವನವರು ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಮುಖ ಬೇರೆ ಬಿಳುಚಿತ್ತು. ಎದುರಿದ್ದವರು ಹೃದಯದ ಕಾಯಿಲೆಯೆಂದು ತಿಳಿದು ಎದ್ದು ಜಾಗ ಕೊಟ್ಟರು, ಒಬ್ಬರು ನೀರು ಕುಡಿಸಿದರು, ಇನ್ನೊಬ್ಬರು ಮಾತ್ರೆ ಹುಡುಕಿದರು. ಅದು ಹೃದಯವಲ್ಲ, ಪಾಸು ಎಂದು ಹಿಂದಿಯಲ್ಲಿ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಇಳಿದು ದಡಕ್ಕೆ ಹೋದಾಗ ಅಕ್ಕ ಸಮುದ್ರ ನೋಡಿ ಕಣ್ಣರಳಿಸಿ ಕೂತಳು. ಭಾವನವರು ಅಲೆಗೆ ಬೆನ್ನು ಹಾಕಿ ಕೂತರು. ಪಾಸು ನೆನೆದರೆ?

ಎರಡನೆಯ ದಿನ ಸಂಜೆ ಐದರ ಹೊತ್ತಿಗೆ ದಾದರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಆ ಹೊತ್ತಿನಲ್ಲಿ ಅಲ್ಲಿ ನಿಲ್ಲಬಾರದೆಂದು ಈಗ ಗೊತ್ತು. ಹೆಂಗಸರ ಬೋಗಿ ನಿಲ್ಲುವ ಕಡೆ ಅದನ್ನು ಸೂಚಿಸುವ ಬೋರ್ಡು ಇರುತ್ತದೆಯೆಂಬುದೂ ಈಗಲೇ ಗೊತ್ತಾದದ್ದು. ನಾವು ಸರಿಯಾಗಿ ಅದರ ಕೆಳಗೇ ನಿಂತಿದ್ದೆವು. ರೈಲು ಬಂದು ನಿಲ್ಲುವುದಕ್ಕೂ ಮೊದಲೇ ಹಿಂದಿನಿಂದ ಹೆಂಗಸರ ದಂಡು ನುಗ್ಗಿತು. ನಾನೂ ಭಾವನವರೂ ಒಂದು ಕಂಬಕ್ಕೆ ಹೋಗಿ ತಗುಲಿಕೊಂಡೆವು. ಕಣ್ಣು ಬಿಡುವಷ್ಟರಲ್ಲಿ ಅಕ್ಕ ಬೋಗಿಯೊಳಗಿದ್ದಳು. ಅವಳು ಹತ್ತಲಿಲ್ಲ, ಅವಳನ್ನು ಎತ್ತಿಕೊಂಡು ಹೋದರು. ರೈಲು ಹೊರಟಿತು. ಕಿಟಕಿಯ ಸರಳಿನ ಹಿಂದೆ ಅವಳ ಹಸಿರು ಸೀರೆಯ ಸೆರಗು ಕಂಡಿತು, ಬಾಯಿ ಏನೋ ಹೇಳುತ್ತಿತ್ತು. ಭಾವನವರು ರೈಲಿನ ಪಕ್ಕ ಓಡಿದರು. ಓಡಿ ಹೋಗಿ ಅವರ ಸೊಂಟ ತಬ್ಬಿ ಹಿಡಿದೆ. ಇಲ್ಲದಿದ್ದರೆ ಅವರು ಪ್ಲಾಟ್‌ಫಾರ್ಮು ಮುಗಿದ ಮೇಲೂ ಓಡುತ್ತಿದ್ದರು.

"ಅವಳ್ ತಾವ ಪಾಸಿಲ್ಲ ಕಣ್ಲಾ" ಎಂದರು. ಮೊದಲ ಮಾತೇ ಅದು.

ನನಗೆ ಮೈಯೆಲ್ಲ ಉರಿಯಿತು. ಅವಳ ಹತ್ತಿರ ಪಾಸಿಲ್ಲ, ಫೋನಿಲ್ಲ, ಕೈಯಲ್ಲಿ ಒಂದು ಕಾಸಿಲ್ಲ, ಹಿಂದಿ ಬರುವುದಿಲ್ಲ, ಎಲ್ಲ ನಿಮ್ಮ ಭಯದಿಂದಲೇ ಎಂದು ಅಷ್ಟು ಜನರ ನಡುವೆ ಕೂಗಾಡಿಬಿಟ್ಟೆ. ಅಕ್ಕನ ಮದುವೆಯಾದಂದಿನಿಂದ ನಾನು ಭಾವನವರಿಗೆ ಎದುರು ಮಾತಾಡಿದವನಲ್ಲ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೋಟಿ ಜನರ ಊರು. ಅಕ್ಕ ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಾಳೋ, ಕೊನೆಯವರೆಗೆ ಹೋಗುತ್ತಾಳೋ, ಗಾಬರಿಯಲ್ಲಿ ಓಡುವ ರೈಲಿನಿಂದಲೇ ಇಳಿಯಲು ಹೋಗುತ್ತಾಳೋ?

ಅಷ್ಟರಲ್ಲಿ ಮುಂದಿನ ರೈಲು ಬಂತು. ಹಿಂದಿನದಕ್ಕಿಂತ ಹೆಚ್ಚು ತುಂಬಿತ್ತು. ಹನ್ನೊಂದು ರೈಲು ಬಿಟ್ಟ ಮನುಷ್ಯ ಅದರ ಬಾಗಿಲಿನಲ್ಲಿ ಒಂದು ಕಾಲಿಟ್ಟು, ನನ್ನ ಶರ್ಟಿನ ಕಾಲರು ಹಿಡಿದು ಒಳಗೆಳೆದುಕೊಂಡರು. ಮುಂದಿನ ನಿಲ್ದಾಣದಲ್ಲಿ ಇಳಿದೆವು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹುಡುಕಿದೆವು. ಹಸಿರು ಸೀರೆಗಳು ಎಷ್ಟೋ ಇದ್ದವು. ಅಕ್ಕ ಇರಲಿಲ್ಲ.

ಮೆಟ್ಟಿಲಿನ ಬುಡದಲ್ಲಿ ಕರಿಕೋಟಿನ ಟಿಕೆಟ್ ಪರೀಕ್ಷಕರೊಬ್ಬರು ನಿಂತು ಜನರನ್ನು ತಡೆದು ಕೇಳುತ್ತಿದ್ದರು. ಭಾವನವರು ಅವರನ್ನು ನೋಡಿ ನಿಂತರು. ಆಮೇಲೆ ನೆಟ್ಟಗೆ ಅವರ ಹತ್ತಿರಕ್ಕೇ ನಡೆದರು. ಶರ್ಟಿನ ಗುಂಡಿ ಬಿಚ್ಚಿ, ಪಿನ್ನು ಕಿತ್ತು, ಒಂದು ಪಾಸು ತೆಗೆದು ಎರಡೂ ಕೈಯಲ್ಲಿ ಹಿಡಿದು ಕನ್ನಡದಲ್ಲೇ ಹೇಳಿದರು.

"ಸಾ, ಇದು ನಮ್ಮ ಮನೆಯವಳ ಪಾಸು. ನಾನೇ ಇಟ್ಕಂಡಿದ್ದೆ. ಅವಳ್ದು ತಪ್ಪಿಲ್ಲ. ಅವಳ್ನ ಇಡ್ದಿದ್ರೆ ಬುಟ್ಬುಡಿ, ನನ್ನ ಇಡ್ಕಳಿ."

ಆ ಮನುಷ್ಯನಿಗೆ ಒಂದಕ್ಷರ ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ನಾನು ನನ್ನ ಮುರುಕು ಹಿಂದಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ನಮ್ಮನ್ನು ತಮ್ಮ ಕೋಣೆಗೆ ಕರೆದೊಯ್ದರು. ಪಾಸಿನ ಮೇಲಿದ್ದ ಹೆಸರು, ವಯಸ್ಸು ಓದಿ, ಸೀರೆಯ ಬಣ್ಣ ಕೇಳಿ, ಮುಂದಿನ ಸ್ಟೇಷನ್ನುಗಳಿಗೆ ಫೋನು ಹಚ್ಚಿದರು. ಭಾವನವರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಚೆಕಿಂಗ್‌ನವರ ಕುರ್ಚಿಯಲ್ಲಿ ಕೂರುವುದೇ! ಭಾವನವರು ಕೂತಂತೆ ಮಾಡಿ ಎದ್ದುನಿಂತರು. ಮೊದಲ ಫೋನಿನಲ್ಲಿ ಇಲ್ಲವೆಂದರು. ಎರಡನೆಯದರಲ್ಲೂ ಇಲ್ಲ. ಪ್ರತಿಸಲವೂ ಆ ಮನುಷ್ಯನ ತುಟಿಯನ್ನೇ ನೋಡುತ್ತ ನಾವಿಬ್ಬರೂ ನಿಂತಿದ್ದೆವು. ಮೂರನೆಯದರಲ್ಲಿ ಅವರು ನಮ್ಮ ಕಡೆ ತಿರುಗಿ ತಲೆಯಾಡಿಸಿದರು. ಭಾವನವರು ಆಗ ಕುರ್ಚಿಯಲ್ಲಿ ಕೂತುಬಿಟ್ಟರು.

ನಡೆದದ್ದು ಇಷ್ಟು. ಅಕ್ಕನ ತವರು, ಅಂದರೆ ನಮ್ಮೂರು, ಹನೂರಿನಾಚೆ, ತಮಿಳುನಾಡಿನ ಗಡಿಯ ಹತ್ತಿರ. ಅರ್ಧ ಊರಿನ ಮನೆಮಾತು ತಮಿಳು. ಅಕ್ಕ ಬೋಗಿಯೊಳಗೆ ಸಿಕ್ಕಸಿಕ್ಕವರನ್ನು ಕನ್ನಡದಲ್ಲಿ ಕೇಳಿ, ಆಗದಾಗ ತಮಿಳಿನಲ್ಲಿ ಅತ್ತಿದ್ದಾಳೆ. ಮೂಲೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ತಮಿಳಿನಲ್ಲೇ ಓಗೊಟ್ಟಿದ್ದಾಳೆ. ಎಷ್ಟೋ ವರ್ಷದಿಂದ ಆ ಊರಿನಲ್ಲೇ ಇರುವವಳು. ತಾನಿಳಿಯುವ ಕಡೆ ಅಕ್ಕನನ್ನೂ ಇಳಿಸಿ, ಸ್ಟೇಷನ್ ಮಾಸ್ತರರ ಕೋಣೆಯ ಮುಂದೆ ಕೂರಿಸಿ, ತಾನೂ ವ್ಯಾಪಾರ ಬಿಟ್ಟು ಜೊತೆಗೇ ಕೂತಿದ್ದಳು.

ನಾವು ಹೋದಾಗ ಅಕ್ಕ ಬೆಂಚಿನ ಮೇಲಿದ್ದಳು. ಅತ್ತು ಕಣ್ಣು ಊದಿತ್ತು, ಮುಡಿಯಲ್ಲಿ ಹೊಸ ಮಲ್ಲಿಗೆಯಿತ್ತು. ಹೂವಿನಾಕೆ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮಕ್ಕ ತನಗಾಗಿ ಅತ್ತಿಲ್ಲಪ್ಪ ಎಂದಳು. ನಮ್ಮ ಮನೆಯವರು ಅಲ್ಲಿ ಒಬ್ಬರೇ ಇದ್ದಾರೆ, ಹೆದರಿಕೊಳ್ಳುತ್ತಾರೆ, ಬೇಗ ಹುಡುಕಿಕೊಡಿ ಎಂದು ಮಾಸ್ತರರ ಕಾಲು ಹಿಡಿಯಲು ಹೋಗಿದ್ದಳಂತೆ. ಒಬ್ಬರೇ! ನಾನು ಜೊತೆಯಲ್ಲಿದ್ದದ್ದು ಲೆಕ್ಕಕ್ಕೇ ಇರಲಿಲ್ಲ.

ಭಾವನವರು ಅವಳ ಪಾಸು, ಫೋನು, ಪರ್ಸು ಎಲ್ಲವನ್ನೂ ಮಡಿಲಿಗೆ ಹಾಕಿದರು. ಅಷ್ಟೇ. ಹೂವಿನಾಕೆ ನಮ್ಮನ್ನು ಸ್ವಲ್ಪ ಖಾಲಿಯಿದ್ದ ರೈಲಿಗೆ ಹತ್ತಿಸಿ ಕೈಬೀಸಿದಳು.

ಒಳಗೆ ಯಾರೋ ಅಕ್ಕನಿಗೆ ಜಾಗ ಬಿಟ್ಟುಕೊಟ್ಟರು. ಭಾವನವರು ಅವಳ ಪಕ್ಕದಲ್ಲಿ ನಿಂತರು. ಕೊಳ್ಳೇಗಾಲದ ಬೀದಿಯಲ್ಲಿ ಅವರು ಯಾವತ್ತೂ ಅಕ್ಕನಿಗಿಂತ ನಾಲ್ಕು ಮಾರು ಮುಂದೆ ನಡೆದವರು. ಮದುವೆಯ ಫೋಟೋದಲ್ಲೂ ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿದೆ. ಅಂಥವರು ಬಗ್ಗಿ, ಅವಳ ಬಳೆಯ ಕೈಯನ್ನು ಮಣಿಕಟ್ಟಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಒಂದು ನಿಲ್ದಾಣ ಹೋಯಿತು. ಎರಡು ಹೋಯಿತು. ಬಿಡಲಿಲ್ಲ.

"ಬುಡಿ, ನನ್ನ ತಮ್ಮ ನೋಡ್ತಾವ್ನೆ" ಎಂದಳು ಅಕ್ಕ ಮೆಲ್ಲಗೆ.

"ನೋಡ್ಲಿ ಬುಡು" ಎಂದರು ಭಾವನವರು.

ನಾನು ಮುಖ ತಿರುಗಿಸಿ ಬಾಗಿಲಿನಾಚೆ ನೋಡಿದೆ. ಅವರ ಕೈ ಆಗಲೂ ನಡುಗುತ್ತಿತ್ತು. ಅಕ್ಕನ ಬಳೆಗಳು ದಾದರಿನವರೆಗೂ ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.