ಚಿಕ್ಕಮ್ಮ ಮನೆ ಬಿಟ್ಟು ಹೋಗುವ ದಿನಗಳು

ನಮ್ಮ ಚಿಕ್ಕಮ್ಮನಷ್ಟು ಸಲ ಮನೆ ಬಿಟ್ಟು ಹೋದವರು ಇಡೀ ನಂಜನಗೂಡು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ಮಹಾಮಹಾ ವಿರಾಗಿಗಳೂ ಒಂದೇ ಸಲ ಬಿಟ್ಟದ್ದು. ಅದೂ ಕತ್ತಲಲ್ಲಿ, ಮನೆಯವರಿಗೆ ಹೇಳದೆ. ಚಿಕ್ಕಮ್ಮ ಹಾಗಲ್ಲ. ಹಾಡಹಗಲೇ, ತಿಂಡಿ ತಿಂದು, ಪಾತ್ರೆ ತೊಳೆದಿಟ್ಟು, ಬೀದಿಗೆಲ್ಲ ಹೇಳಿಯೇ ಹೋಗುತ್ತಾಳೆ. ಸಂಜೆ ಹಾಲಿನವನು ಬರುವಷ್ಟರಲ್ಲಿ ವಾಪಸ್ಸು ಬಂದಿರುತ್ತಾಳೆ.

ಸಂಸಾರ ಸಾಕು ಎನ್ನುವವರು ಸಾರಿಗೆ ಒಗ್ಗರಣೆ ಹಾಕಿ ಹೊರಡುತ್ತಾರೆಯೇ? ಈಕೆ ಹೊರಡುತ್ತಾಳೆ. ಮೊಸರು ಫ್ರಿಜ್ಜಿನಲ್ಲಿದೆ, ಮೋಟರ್ ಹಾಕಿದರೆ ಆರಿಸಲು ಮರೆಯಬೇಡಿ, ಒಣಗಿದ ಬಟ್ಟೆ ಒಳಗೆ ತನ್ನಿ ಎಂದು ಚಿಕ್ಕಪ್ಪನಿಗೆ ಎಲ್ಲ ಒಪ್ಪಿಸಿ, ಗೇಟಿನ ಹತ್ತಿರ ನಿಂತು ಘೋಷಿಸುತ್ತಾಳೆ.

“ನಾನು ಮನೆ ಬುಟ್ಟು ಒಂಟೆ ಕಣ್ರೀ. ಈ ಮನೇಲಿ ಇನ್ನು ನನ್ ಕೈಲಾಗಕ್ಕಿಲ್ಲ.”

ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತದೆ ಕೇಳುತ್ತಾರೆ: “ಛತ್ರಿ ತಕಂಡ್ಯಾ?”

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ವೈರಾಗ್ಯಕ್ಕೆ ಖರ್ಚೂ ಇಲ್ಲ. ಪರ್ಸಿನಲ್ಲಿ ಆಧಾರ್ ಕಾರ್ಡು, ಡಬ್ಬಿಯಲ್ಲಿ ಚಿತ್ರಾನ್ನ. ಹತ್ತುವುದು ಯಾವಾಗಲೂ ಟಿ. ನರಸೀಪುರದ ಬಸ್ಸನ್ನೇ. ಯಾಕೆ ಎಂದರೆ, “ನಮ್ಮೂರ ಕಪಿಲೆನೇ ಅಲ್ಲೀಗಂಟ ಓಯ್ತಾಳೆ, ನಾನು ಓದ್ರೆ ತಪ್ಪಾ?” ಎನ್ನುತ್ತಾಳೆ. ಹೊಳೆ ವಾಪಸ್ಸು ಬರುವುದಿಲ್ಲ, ಚಿಕ್ಕಮ್ಮ ಬರುತ್ತಾಳೆ, ಅಷ್ಟೇ ವ್ಯತ್ಯಾಸ.

ಕಂಡಕ್ಟರ್ ಮಹಾಶಯನಿಗೂ ವಿಷಯ ಗೊತ್ತು. “ಏನಮ್ಮ, ಈ ವಾರ ಬೇಗ ಬೇಜಾರಾಯ್ತಾ?” ಎಂದೇ ಟಿಕೆಟ್ ಕೊಡುವುದು. ಎದುರು ಮನೆಯಾಕೆ ಇನ್ನೂ ಒಂದು ಹೆಜ್ಜೆ ಮುಂದೆ. “ಅಕ್ಕಾ, ಮನೆ ಬಿಟ್ಟು ಓಯ್ತಾ ಇದ್ದೀರಾ? ಬರೋವಾಗ ಎಲ್ಡು ಕಟ್ಟು ದಂಟಿನ ಸೊಪ್ಪು ತನ್ನಿ. ಅಲ್ಲಿ ಎಳೇದು ಸಿಕ್ತದೆ.” ತಂದೂ ಕೊಡುತ್ತಾಳೆ! ಎಲ್ಲವನ್ನೂ ತ್ಯಜಿಸಿ ಒಂದು ಡಬ್ಬಿ ಹಿಡಿದು ಹೋದವಳು ಸಂಜೆ ಎರಡು ಬ್ಯಾಗು ಹೊತ್ತು ಏದುಸಿರು ಬಿಡುತ್ತಾ ಇಳಿಯುತ್ತಾಳೆ.

ಅಷ್ಟಕ್ಕೂ ಆಕೆಗೆ ಏನು ಕಡಿಮೆ ಹೇಳಿ? ಊರಾಚೆ ಹೊಸ ಲೇಔಟಿನಲ್ಲಿ ಸ್ವಂತ ಮನೆ. ಚಿಕ್ಕಪ್ಪನಿಗೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಕೆಲಸ. ಮನುಷ್ಯ ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಅಡುಗೆಗೆ ಹೆಸರಿಟ್ಟವರಲ್ಲ.

“ಅದೇ ಕಣವ್ವ ರೋಗ,” ಎನ್ನುತ್ತಾಳೆ ಚಿಕ್ಕಮ್ಮ. “ಒಂದಿನ ಬೇಕೂಂತ್ಲೇ ಸಾರಿಗೆ ಉಪ್ಪು ಸುರಿದೆ. ಇನ್ನೊಂದ್ ಲೋಟ ನೀರು ಕುಡುದ್ರು, ಎದ್ದೋದ್ರು!”

ಆ ಲೇಔಟಿನ ಮನೆಗಳೆಲ್ಲ ಒಂದೇ ಅಚ್ಚು. ಅದೇ ಗ್ರಿಲ್ಲು, ಅದೇ ಸಂಪು, ಅದೇ ಕೆನೆ ಬಣ್ಣ. ಒಂದು ಮಧ್ಯಾಹ್ನ ಚಿಕ್ಕಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದವರು ಒಂದು ಗೇಟು ಮೊದಲೇ ಒಳಗೆ ನುಗ್ಗಿ, ಶೂ ಬಿಚ್ಚಿ, ಸೋಫಾದಲ್ಲಿ ಕೂತು ಪೇಪರ್ ಹರಡಿಕೊಂಡರು. ಪಕ್ಕದ ಮನೆಯಾಕೆ ಪಾಪ, ಏನೋ ಕೆಲಸವಿದ್ದು ಬಂದಿರಬೇಕೆಂದು ಕಾಫಿ ಕೊಟ್ಟರು. ಕುಡಿದರು. ಲೋಟ ಕೆಳಗಿಡುವಾಗಲೇ ಗೋಡೆಯ ಫೋಟೋದಲ್ಲಿ ಬೇರೆ ಯಾರದೋ ಮದುವೆ ನಡೆಯುತ್ತಿರುವುದು ಕಂಡದ್ದು! ಕೇಳಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಚಿಕ್ಕಮ್ಮನೂ ನಕ್ಕಳು. ಆಮೇಲೆ, “ಕಾಫಿ ಬೇರೆ ಕೈಯಿಂದು ಅಂತನೂ ಗೊತ್ತಾಗ್ಲಿಲ್ವಂತೆ,” ಎಂದಳು. ಮರುದಿನವೇ ಮನೆ ಬಿಟ್ಟಳು.

ಮೊನ್ನೆ ನನಗೂ ರಜೆ ಇತ್ತು. ಈ ಗೃಹತ್ಯಾಗವೆಂಬುದು ಹೇಗಿರುತ್ತದೆ ನೋಡಿಯೇ ಬಿಡೋಣವೆಂದು ಜೊತೆಗೆ ಹೊರಟೆ.

ನರಸೀಪುರ ಚಿಕ್ಕಮ್ಮನಿಗೂ ನನ್ನ ಅಮ್ಮನಿಗೂ ತವರು. ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಮಾವ ಮನೆ ಮಾರಿದರು. ಅಲ್ಲೀಗ ಚಪ್ಪಲಿ ಅಂಗಡಿ. ಚಿಕ್ಕಮ್ಮ ನೇರವಾಗಿ ಒಳಗೆ ಹೋಗಿ, ಒಂದು ಜೊತೆ ಚಪ್ಪಲಿ ಕಾಲಿಗೆ ಹಾಕಿ, ಹಿಂದೆ ಅಡುಗೆಮನೆ ಇದ್ದ ಮೂಲೆಯವರೆಗೂ ನಡೆದು ಬಂದು, “ಬಿಗಿ ಆಯ್ತದೆ” ಎಂದು ಬಿಚ್ಚಿಟ್ಟಳು. ಅಂಗಡಿಯವನು ಮುಖ ಸಿಂಡರಿಸಲಿಲ್ಲ. ಈ ಗಿರಾಕಿ ಅವನಿಗೆ ಹೊಸಬಳಲ್ಲ.

ಅಲ್ಲಿಂದ ಹೊಳೆಯ ಮೆಟ್ಟಿಲಿಗೆ ಹೋಗಿ ಚಿತ್ರಾನ್ನ ತಿಂದೆವು, ಹೊಳೆ ನೋಡಿದೆವು, ಊರವರನ್ನೆಲ್ಲ ಆಡಿಕೊಂಡೆವು. ಬಸ್ಸಿನ ಹೊತ್ತಾಯಿತು. ಚಿಕ್ಕಮ್ಮ ಏಳಲಿಲ್ಲ.

“ನೀನು ಓಗವ್ವ. ನಾನು ಬರಕ್ಕಿಲ್ಲ.”

ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆಯಾಗಿರಲಿಲ್ಲ.

“ನಿಮ್ಮವ್ವ ಮುನಿಸ್ಕಂಡು ತವರಿಗೆ ಬಂದಾಗ ನಿಮ್ಮಪ್ಪ ರಸಬಾಳೆ ಗೊನೆ ಒತ್ಕಂಡು ಕರಿಯಕ್ಕೆ ಬಂದಿದ್ರು. ನಮ್ಮಪ್ಪ ಬೇಕೂಂತ್ಲೇ ಸಂಜೆಗಂಟ ಜಗಲಿ ಮೇಲೆ ಕೂರ್ಸಿದ್ರು. ನಿಮ್ಮವ್ವ ಕಿಟಕೀಲಿ ಬಗ್ಗಿ ಬಗ್ಗಿ ನೋಡ್ಕಂಡು ನಗದು! ಗಂಡ ಬಂದು ಕರೆದ್ರೇನೇ ಓಗದು, ಅದು ನಮ್ ಕಡೆ ಪದ್ಧತಿ. ನನ್ನ ಮಾತ್ರ ಯಾರೂ ಕರಿಯಕ್ಕೆ ಬರ್ಲಿಲ್ಲ ಕಣವ್ವ. ನಾನೇ ಓಯ್ತೀನಿ, ನಾನೇ ಬತ್ತೀನಿ. ಇವತ್ತು ಸಾಕು ಅನ್ನಿಸ್ತದೆ.”

ನನಗೆ ಗಾಬರಿಯಾಯಿತು. ಆಚೆ ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

“ಬತ್ತಾಳೆ ಬುಡವ್ವ,” ಎಂದರು. “ಅವಳಿಗೂ ಬಿಡುವು ಬ್ಯಾಡ್ವಾ?”

ಸಿಟ್ಟು ನೆತ್ತಿಗೇರಿತು. “ಬಿಡುವಲ್ಲ ಚಿಕ್ಕಪ್ಪ, ನೀವು ಬೇಕಂತೆ! ಇವತ್ತು ಬಸ್ಸು ಹತ್ತಲ್ಲ ಅಂತ ಹೊಳೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕರೆಯೋಕೆ ಬನ್ನಿ!”

ಫೋನ್ ಕಟ್ಟಾಯಿತು. ನಮ್ಮ ಬಸ್ಸೂ ಹೋಯಿತು. ಚಿಕ್ಕಮ್ಮ ನೀರು ನೋಡುತ್ತಾ ಕೂತಳು, ನಾನು ರಸ್ತೆ ನೋಡುತ್ತಾ ಕೂತೆ.

ಬಿಸಿಲು ಇಳಿಯುವ ಹೊತ್ತಿಗೆ ಮೇಲೆ ಒಂದು ಸ್ಕೂಟರ್ ನಿಂತಿತು. ಚಿಕ್ಕಪ್ಪ! ಮನೆಯಲ್ಲಿ ಉಟ್ಟ ಲುಂಗಿ, ತಲೆಯ ಮೇಲೆ ಹೆಲ್ಮೆಟ್ಟು, ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ಯಾರದೋ. ಮೆಟ್ಟಿಲಿಳಿದು ಬಂದು ಎದುರಿಗೆ ನಿಂತರು. ಆ ಮನುಷ್ಯನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದೇ ಅವತ್ತು.

“ನಮ್ ಕಾಟ ನಿನಗೆ ಒಂದಿನಾನಾದ್ರೂ ತಪ್ಲಿ ಅಂತ ಸುಮ್ಕಿರ್ತಿದ್ದೆ ಕಣೇ. ನೀನಿಲ್ದೇ ಇದ್ರೆ ಪೇಪರೂ ಓದಕ್ಕಾಗಕ್ಕಿಲ್ಲ ನಂಗೆ, ಸುಮ್ನೆ ಇಡ್ಕಂಡಿರ್ತೀನಿ. ಕರೀಬೇಕು ಅಂತ ಗೊತ್ತಾಗ್ಲಿಲ್ಲ. ಬಾ, ಮನೆಗೆ ಓಗವ.”

ಚಿಕ್ಕಮ್ಮ ಹೊಳೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

“ಇನ್ನೊಂದ್ಸಲ ಕರೀರಿ,” ಎಂದಳು.

ಚಿಕ್ಕಪ್ಪ ಹೆಲ್ಮೆಟ್ ತೆಗೆದರು. ಈ ಸಲ ಹೆಸರು ಹಿಡಿದು ಕರೆದರು. ಆ ಹೆಸರನ್ನು ಅವರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ನನಗೆ ಅಳುವೇ ಬಂತು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾ, ಅಳುತ್ತಾ, ಎದ್ದು ನಿಲ್ಲಲು ಅವರ ಕಡೆ ಕೈ ಚಾಚಿದಳು.